ಜಿನೀವಾದಲ್ಲೊಂದು ಮೇಷ್ಟ್ರುಗಳ ಪಾಠಶಾಲೆ

ಜಿನೀವಾಗೆ ಹೋದವರು ಸಾಮಾನ್ಯವಾಗಿ ಸರೋವರದ ಕಾರಂಜಿ ಮುಂದೆ ಸೆಲ್ಫಿ ತಗೊಂಡು, ಒಂದಿಷ್ಟು ಚಾಕೊಲೇಟ್ ಕೊಂಡು ವಾಪಸ್ ಬರ್ತಾರೆ. ಆದ್ರೆ ಊರಿನ ಮುಖ್ಯ ರೈಲು ನಿಲ್ದಾಣವಾದ ಕಾರ್ನವಿನ್‌ನಿಂದ 18ನೇ ನಂಬರ್ ಟ್ರಾಮ್ ಹತ್ತಿ, ಕೊನೇ ಸ್ಟಾಪ್‌ವರೆಗೆ ಕೂತು ನೋಡಿ. ಸುಮಾರು ಇಪ್ಪತ್ತು ನಿಮಿಷದಲ್ಲಿ ಸರ್ನ್ ಬರುತ್ತೆ. ಸ್ವಿಟ್ಜರ್ಲೆಂಡ್ ಮುಗಿದು ಫ್ರಾನ್ಸ್ ಶುರುವಾಗುವ ಗಡಿಯಲ್ಲಿರುವ ಭೌತವಿಜ್ಞಾನದ ದೊಡ್ಡ ಪ್ರಯೋಗಶಾಲೆ ಇದು.

ಕಳೆದ ವರ್ಷ ಆಫೀಸ್ ಕೆಲಸಕ್ಕೆ ಆ ಕಡೆ ಹೋಗಿದ್ದಾಗ ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ಸಾಫ್ಟ್‌ವೇರ್‌ನವನಾದ ನನಗೆ ಅದು ಒಂಥರಾ ತೀರ್ಥಯಾತ್ರೆ. 1989ರಲ್ಲಿ ಟಿಮ್ ಬರ್ನರ್ಸ್-ಲೀ ವರ್ಲ್ಡ್ ವೈಡ್ ವೆಬ್‌ನ ಪ್ರಸ್ತಾವ ಬರೆದದ್ದು ಇಲ್ಲೇ. ನೆಲದಿಂದ ಸುಮಾರು 100 ಮೀಟರ್ ಕೆಳಗೆ 27 ಕಿ.ಮೀ. ಸುತ್ತಳತೆಯ ಕಣ ವೇಗವರ್ಧಕ ಇದೆ. ಆವರಣದಲ್ಲಿ 2004ರಲ್ಲಿ ಭಾರತ ಉಡುಗೊರೆಯಾಗಿ ಕೊಟ್ಟ ಎರಡು ಮೀಟರ್ ಎತ್ತರದ ನಟರಾಜ ನಿಂತಿದ್ದಾನೆ. 2023ರಲ್ಲಿ ಜನಸಾಮಾನ್ಯರಿಗಾಗಿ 'ಸೈನ್ಸ್ ಗೇಟ್‌ವೇ' ಅನ್ನೋ ಕೇಂದ್ರ ಶುರುವಾಗಿದೆ.

ಇಷ್ಟೆಲ್ಲಾ ನೀವೂ ಎಲ್ಲೋ ಓದಿರ್ತೀರಿ. ನನಗೆ ಗೊತ್ತಿಲ್ಲದಿದ್ದ ವಿಷಯ ಒಂದಿತ್ತು. 1998ರಿಂದ ಇಲ್ಲಿ ಪ್ರಪಂಚದ ಬೇರೆ ಬೇರೆ ದೇಶಗಳ ಶಾಲಾ ಶಿಕ್ಷಕರಿಗೆ ತರಬೇತಿ ನಡೀತಿದೆ. ಸಾವಿರಾರು ಮೇಷ್ಟ್ರು, ಟೀಚರ್‌ಗಳು ಇಲ್ಲಿಗೆ ಬಂದು ವಿದ್ಯಾರ್ಥಿಗಳಾಗಿ ಕೂತು ಹೋಗಿದ್ದಾರೆ.

ಇದು ಗೊತ್ತಾಗಿದ್ದು ಕೆಫೆಟೇರಿಯಾದಲ್ಲಿ ನನ್ನ ಎದುರು ಕೂತಿದ್ದ ಮೊಜಾಂಬಿಕ್‌ನ ಟೀಚರ್ ಒಬ್ಬರಿಂದ. ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಫೋನ್ ತೆಗೆದು ಒಂದು ವಿಡಿಯೊ ತೋರಿಸಿದ ಮೇಲೆ ಇಂಗ್ಲಿಷ್ ಬೇಕಾಗಲೇ ಇಲ್ಲ. ಮೀನು ಸಾಕುವಂಥ ಒಂದು ಗಾಜಿನ ಪೆಟ್ಟಿಗೆ, ಒಳಗೆ ಕತ್ತಲು. ತಳದಲ್ಲಿ ತೆಳ್ಳನೆ ಮಂಜು. ಆ ಮಂಜಿನಲ್ಲಿ ಫಕ್ಕನೆ ಒಂದು ಬಿಳಿ ಗೆರೆ ಮೂಡಿ ಮಾಯವಾಗುತ್ತೆ. ಮತ್ತೊಂದು, ಇನ್ನೊಂದು. "ನಾನೇ ಮಾಡಿದ್ದು" ಅಂತ ಎದೆ ಮುಟ್ಟಿ ತೋರಿಸಿದರು.

ಅದರ ಹೆಸರು ಕ್ಲೌಡ್ ಚೇಂಬರ್. ಮೋಡದ ಪೆಟ್ಟಿಗೆ ಅನ್ನೋಣ. ಸ್ಕಾಟ್ಲೆಂಡಿನ ಚಾರ್ಲ್ಸ್ ವಿಲ್ಸನ್ 1894ರಲ್ಲಿ ಬೆನ್ ನೆವಿಸ್ ಬೆಟ್ಟದ ಮೇಲೆ ಮೋಡಗಳನ್ನ ನೋಡಿ ಮರುಳಾಗಿ, ಅವನ್ನು ಲ್ಯಾಬಿನೊಳಗೆ ಮಾಡೋಕೆ ಹೋದವರು. 1911ರಲ್ಲಿ ಅದೇ ಉಪಕರಣದಲ್ಲಿ ಕಣಗಳ ಜಾಡು ಕಂಡರು. 1927ರಲ್ಲಿ ನೊಬೆಲ್ ಬಂತು. ಈಗಿನ ಸರಳ ಪೆಟ್ಟಿಗೆಗೆ ಬೇಕಾಗೋದು ಇಷ್ಟೇ: ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಉಣ್ಣೆ ಬಟ್ಟೆ ಮೇಲ್ಗಡೆ, ಕಪ್ಪು ಲೋಹದ ತಟ್ಟೆ ಕೆಳಗಡೆ, ಅದರ ಅಡಿಯಲ್ಲಿ ಮೈನಸ್ 78 ಡಿಗ್ರಿಯ ಡ್ರೈ ಐಸ್, ಪಕ್ಕದಿಂದ ಒಂದು ಟಾರ್ಚ್. ವಿದ್ಯುದಾವೇಶ ಇರುವ ಕಣವೊಂದು ಹಾದುಹೋದಾಗ ಅದರ ದಾರಿಯುದ್ದಕ್ಕೂ ಆವಿ ಹನಿಗಟ್ಟುತ್ತೆ. ನಮಗೆ ಕಾಣೋದು ಕಣ ಅಲ್ಲ, ಅದರ ಹೆಜ್ಜೆ ಗುರುತು.

ಆ ಕಣಗಳು ಎಲ್ಲಿಂದ ಬರುತ್ವೆ? ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ವಾತಾವರಣದ ಮೇಲ್ಭಾಗಕ್ಕೆ ಡಿಕ್ಕಿ ಹೊಡೆದಾಗ ಹುಟ್ಟೋ ಮ್ಯೂಆನ್‌ಗಳು ಅವುಗಳಲ್ಲಿ ಒಂದು ಬಗೆ. ಸಮುದ್ರ ಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ನಿಮ್ಮ ಫೋನನ್ನು ಮೇಜಿನ ಮೇಲೆ ಇಡಿ. ಒಂದು ನಿಮಿಷದಲ್ಲಿ ಹೆಚ್ಚುಕಡಿಮೆ ನೂರು ಮ್ಯೂಆನ್‌ಗಳು ಅದನ್ನ ದಾಟಿ ಹೋಗಿರುತ್ವೆ.

ಟೀಚರ್ ಹೇಳಿದ ಇನ್ನೊಂದು ಮಾತು ನನ್ನನ್ನ ಬಿಡಲಿಲ್ಲ. ಅವರ ಬ್ಯಾಚಿನಲ್ಲಿ ಪೋರ್ಚುಗಲ್, ಬ್ರೆಜಿಲ್, ಆಫ್ರಿಕಾದ ಶಿಕ್ಷಕರಿದ್ದರು. ಪಾಠ ಪೂರ್ತಿ ಪೋರ್ಚುಗೀಸ್‌ನಲ್ಲಿ. ಇಂಗ್ಲಿಷ್‌ನಲ್ಲಿ ಅಂತರರಾಷ್ಟ್ರೀಯ ಬ್ಯಾಚ್ ಒಂದು ನಡೆಯುತ್ತೆ, ನಿಜ. ಅದರ ಜೊತೆಗೆ ಒಂದೊಂದು ದೇಶದ ಶಿಕ್ಷಕರಿಗೆ ಅವರವರ ಭಾಷೆಯಲ್ಲೇ, ಅದೇ ಭಾಷೆಯ ವಿಜ್ಞಾನಿಗಳಿಂದ ಪಾಠ ಮಾಡಿಸ್ತಾರೆ. ಕಾರಣ ಸರಳ. ಇವರು ಊರಿಗೆ ಹೋಗಿ ಮಕ್ಕಳಿಗೆ ಹೇಳಬೇಕಾದದ್ದು ಆ ಭಾಷೆಯಲ್ಲೇ ಅಲ್ವಾ?

ನನ್ನ ತಂಗಿ ಶಿವಮೊಗ್ಗದಲ್ಲಿ ಬಿ.ಎಡ್. ಕೊನೇ ವರ್ಷ. ಕನ್ನಡ ಮಾಧ್ಯಮದ ಶಾಲೆಗೆ ವಿಜ್ಞಾನದ ಟೀಚರ್ ಆಗಬೇಕು ಅನ್ನೋದು ಅವಳ ಹಟ. "ಪರಮಾಣು ಒಳಗೆ ಇನ್ನೂ ಸಣ್ಣ ಕಣ ಇದೆ ಅಂತೀನಿ. ಎಲ್ಲಿ ತೋರಿಸಿ ಅಂದ್ರೆ ಬೋರ್ಡ್ ಮೇಲೆ ಸೊನ್ನೆ ಸುತ್ತಿ ತೋರಿಸ್ತೀನಿ. ನಾನೇ ನೋಡಿಲ್ಲ, ನಂಬಿ ಅಂತ ಹೇಗೆ ಹೇಳಲಿ?" ಅಂತಿದ್ದಳು. ಅವತ್ತು ರಾತ್ರಿ ಹೋಟೆಲಿನಿಂದ ಅವಳಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದೆ.

ಪೆಟ್ಟಿಗೆ ತಯಾರಿಸುವ ವಿಧಾನವನ್ನ ಸರ್ನ್ ಉಚಿತವಾಗಿ ಕೊಡುತ್ತೆ. ನಾವಿಬ್ಬರೂ ಸೇರಿ ಅದನ್ನ ಕನ್ನಡದಲ್ಲಿ ಬರೆದೆವು. ಟ್ರ್ಯಾಕ್‌ಗೆ 'ಪಥ' ಅಂತ ನಾನಂದೆ. "ಬೇಡ, ಜಾಡು ಅನ್ನು. ಹುಲಿ ಕಾಣದಿದ್ರೂ ಜಾಡು ಕಂಡ್ರೆ ಹುಲಿ ಇದೆ ಅಂತ ಮಲೆನಾಡಿನ ಮಕ್ಕಳಿಗೆ ಗೊತ್ತು" ಅಂದಳು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಈ ಮಾತು ಹೊಳೆದಿರಲಿಲ್ಲ.

ದಸರಾ ರಜೆಗೆ ಅವಳು ಬೆಂಗಳೂರಿಗೆ ಬಂದಾಗ ಡ್ರೈ ಐಸ್ ತಂದೆವು. ದಪ್ಪ ಕೈಗವಸು, ತೆರೆದ ಕಿಟಕಿ ಎರಡೂ ಕಡ್ಡಾಯ. ಆಲ್ಕೋಹಾಲ್ ಹತ್ತಿರ ಬೆಂಕಿ ಬರಕೂಡದು. ಲೈಟ್ ಆರಿಸಿ ಕಾಲು ಗಂಟೆ ಕಾದೆವು. ಮೊದಲ ಗೆರೆ ಬಿದ್ದಾಗ ಅವಳು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು! ಕುಳ್ಳಗೆ ದಪ್ಪಗಿದ್ದರೆ ಆಲ್ಫಾ, ಉದ್ದಕ್ಕೆ ನೇರ ಇದ್ದರೆ ಬಹುಶಃ ಮ್ಯೂಆನ್, ಸುತ್ತಿ ಸುಳಿದರೆ ಎಲೆಕ್ಟ್ರಾನ್ ಅಂತ ಪಟ್ಟಿ ಮಾಡ್ತಾ ಕೂತಳು.

ಈ ಕಥೆ ನಮಗೆ ಪರಕೀಯ ಏನಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1950ರ ದಶಕದಿಂದಲೇ ಮ್ಯೂಆನ್‌ಗಳ ಎಣಿಕೆ ನಡೆದಿತ್ತು. ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ ಅದರ ಮುಂಚೂಣಿಯಲ್ಲಿದ್ದವರು. ಆಳಕ್ಕೆ ಇಳಿದಂತೆಲ್ಲ ಬಂಡೆ ಮ್ಯೂಆನ್‌ಗಳನ್ನ ತಡೆಯುತ್ತೆ. 1965ರಲ್ಲಿ ಸುಮಾರು 2.3 ಕಿ.ಮೀ. ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಜಗತ್ತಿನಲ್ಲೇ ಮೊದಲ ದಾಖಲೆಗಳಲ್ಲಿ ಒಂದು ಅದು.

ಹೋಗೋ ಯೋಚನೆ ಇದ್ದರೆ: ಸೈನ್ಸ್ ಗೇಟ್‌ವೇ ಪ್ರವೇಶ ಉಚಿತ, ಸೋಮವಾರ ರಜೆ. ಅರ್ಧ ದಿನ ಇಟ್ಟುಕೊಳ್ಳಿ. ಭಾರತ 2017ರಿಂದ ಸರ್ನ್‌ನ ಸಹಸದಸ್ಯ ದೇಶ. ಹಾಗಾಗಿ ನಿಮಗೆ ಗೊತ್ತಿರೋ ವಿಜ್ಞಾನದ ಮೇಷ್ಟ್ರು ಯಾರಾದ್ರೂ ಇದ್ದರೆ ಅಲ್ಲಿನ ಶಿಕ್ಷಕರ ತರಬೇತಿ ಬಗ್ಗೆ ಹೇಳಿ. ತಂಗಿಯಂತೂ ಬರೋ ತಿಂಗಳು ಬೋಧನಾ ಅಭ್ಯಾಸಕ್ಕೆ ಹೋಗ್ತಾಳೆ. ಶಿವಮೊಗ್ಗದಲ್ಲಿ ಡ್ರೈ ಐಸ್ ಎಲ್ಲಿ ಸಿಗುತ್ತೆ ಅಂತ ಈಗಲೇ ಹುಡುಕ್ತಿದ್ದಾಳೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.