ಆಕಾಶದಿಂದ ಇಳಿದ ಹಂಡೆ

ದೆಹಲಿಯಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಒಂದು ಡಿಸೆಂಬರಿನಲ್ಲಿ ಹೋಗಿದ್ದೆ. ಕೆಂಪುಕೋಟೆ, ಕುತುಬ್ ಮಿನಾರ್ ಎಲ್ಲ ಆಯಿತು. ಆದರೆ ನಾನು ಊರಿನಿಂದ ಹೊರಡುವಾಗಲೇ ನೋಡಬೇಕೆಂದುಕೊಂಡಿದ್ದ ಜಾಗವೇ ಬೇರೆ. ತೀನ್ ಮೂರ್ತಿ ಭವನದ ಆವರಣದಲ್ಲಿರುವ ನೆಹರು ತಾರಾಲಯ. ನಾಲ್ಕನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಹೊರಟೆ.

"ತಾತ, ಅಲ್ಲಿ ನಿಜವಾದ ರಾಕೆಟ್ ಇದೆಯಾ?"

"ರಾಕೆಟ್ ಅಲ್ಲ ಪುಟ್ಟಿ, ಬಾಹ್ಯಾಕಾಶಕ್ಕೆ ಹೋಗಿ ಬಂದ ನೌಕೆ. ಮಾದರಿಯಲ್ಲ, ಅದೇ!"

ನನಗೆ ಅಷ್ಟೊಂದು ಆಸೆ ಯಾಕೆ ಅಂತ ಹೇಳಿಬಿಡುತ್ತೇನೆ. 1984ರಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಹೊಸ ಮೇಷ್ಟ್ರು. ಆ ವರ್ಷದ ಏಪ್ರಿಲ್ 3ರಂದು ವಾಯುಪಡೆಯ ರಾಕೇಶ್ ಶರ್ಮಾ ಸೋವಿಯತ್ ದೇಶದ ಬೈಕನೂರಿನಿಂದ ಬಾಹ್ಯಾಕಾಶಕ್ಕೆ ಹಾರಿದರು. ಹಾಗೆ ಹೋದ ಮೊದಲ ಭಾರತೀಯ ಅವರೇ. ಸುದ್ದಿಯನ್ನು ನಾವು ಕೇಳಿದ್ದು ರೇಡಿಯೋದಲ್ಲಿ. ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಅಂತ ಪ್ರಧಾನಿ ಇಂದಿರಾ ಗಾಂಧಿ ಕೇಳಿದ್ದಕ್ಕೆ ಅವರು ಕವಿ ಇಕ್ಬಾಲರ ಹಾಡಿನ ಮೊದಲ ಸಾಲನ್ನೇ ಉತ್ತರವಾಗಿ ಕೊಟ್ಟರಲ್ಲ, ಆ ಮಾತನ್ನು ಊರಲ್ಲೆಲ್ಲ ಆಡಿಕೊಂಡಿದ್ದೇ ಆಡಿಕೊಂಡದ್ದು.

ಜೂನ್‌ನಲ್ಲಿ ಶಾಲೆ ತೆರೆದಾಗ ನಾನು ಕರಿಹಲಗೆಯ ಮೇಲೆ ದೊಡ್ಡದೊಂದು ನೌಕೆ ಬರೆದೆ. ಅದಕ್ಕೆ ಎರಡು ರೆಕ್ಕೆ, ಕೆಳಗೆ ಚಕ್ರ! ಅಮೆರಿಕದ ಶಟಲ್ ನೌಕೆಯ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ್ದೆ, ಎಲ್ಲವೂ ಹಾಗೇ ಇರುತ್ತವೆ ಅಂದುಕೊಂಡಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅಷ್ಟು ಜೋರಾಗಿ ಬರೋದಕ್ಕೆ ಬ್ರೇಕು ಎಲ್ಲಿರುತ್ತೆ?" ಅಂದ. ಅವರಪ್ಪ ಎತ್ತಿನಗಾಡಿ ಹೊಡೆಯುತ್ತಿದ್ದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. "ನಿಮ್ಮಪ್ಪನ ಗಾಡಿ ಅಂದುಕೊಂಡೆಯೇನೋ, ಕೂತ್ಕೋ" ಅಂದೆ. ಉತ್ತರ ನನಗೂ ಗೊತ್ತಿರಲಿಲ್ಲ. ಆ ಹುಡುಗ ಆ ವರ್ಷ ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ತಾರಾಲಯದೊಳಗೆ ಹೋದೆವು. ಪುಟ್ಟಿ ಸಿನಿಮಾದಲ್ಲಿ ಬರುವಂಥ ಬೆಳ್ಳಗೆ ಹೊಳೆಯುವ ನೌಕೆಯನ್ನು ಹುಡುಕುತ್ತಿದ್ದಳು. ಕಂಡದ್ದನ್ನು ನೋಡಿ ಅವಳ ಮುಖ ಸಪ್ಪಗಾಯಿತು.

"ತಾತ, ಇದು ಸುಟ್ಟುಹೋಗಿದೆ!"

ನಿಜ. ಆಕಾರದಲ್ಲಿ ದೇವಸ್ಥಾನದ ದೊಡ್ಡ ಗಂಟೆ. ಬಣ್ಣದಲ್ಲಿ, ಸೌದೆ ಒಲೆಯ ಮೇಲೆ ಮೂವತ್ತು ವರ್ಷ ಕೂತ ನಮ್ಮ ಬಚ್ಚಲುಮನೆ ಹಂಡೆ! ರೆಕ್ಕೆಯಿಲ್ಲ, ಚಕ್ರವಿಲ್ಲ. ಎತ್ತರ, ಅಗಲ ಎರಡೂ ಸುಮಾರು ಎರಡು ಮೀಟರ್, ಅಷ್ಟೆ. ಇದರೊಳಗೆ ಮೂವರು ಮಂಡಿ ಮಡಚಿಕೊಂಡು, ಅಂಗಾತ ಮಲಗಿದಂತೆ ಕೂತು ಬಂದರು: ಯೂರಿ ಮಾಲಿಶೆವ್, ಗೆನ್ನಾಡಿ ಸ್ಟ್ರೆಕಲೋವ್, ರಾಕೇಶ್ ಶರ್ಮಾ.

ಇಲ್ಲೊಂದು ತಮಾಷೆ ಇದೆ ಮಕ್ಕಳೇ. ಅವರು ಹೋದದ್ದು ಸೊಯುಜ್ ಟಿ-11ರಲ್ಲಿ, ವಾಪಸು ಬಂದದ್ದು ಸೊಯುಜ್ ಟಿ-10ರಲ್ಲಿ. ಸಲ್ಯೂತ್-7 ನಿಲ್ದಾಣದಲ್ಲಿ ಆಗಲೇ ಬೇರೆ ಮೂವರು ಇದ್ದರು. ಅವರು ಇನ್ನೂ ತಿಂಗಳುಗಟ್ಟಲೆ ಇರಬೇಕಿತ್ತು. ಹಾಗಾಗಿ ಹೊಸ ನೌಕೆಯನ್ನು ಅವರಿಗೆ ಬಿಟ್ಟು, ಅವರು ಫೆಬ್ರುವರಿ 8ರಂದು ತಂದಿದ್ದ ಹಳೆಯದರಲ್ಲಿ ಇವರು ಏಪ್ರಿಲ್ 11ರಂದು ಇಳಿದರು. ಈ ತಾರಾಲಯ ಉದ್ಘಾಟನೆಯಾದದ್ದು ಅದೇ ಫೆಬ್ರುವರಿ 6ರಂದು. ಕಟ್ಟಡ ತೆರೆದ ಎರಡೇ ದಿನಕ್ಕೆ ಅದರ ಮುಂದಿನ ಅತಿಥಿ ಆಕಾಶಕ್ಕೆ ಹಾರಿತ್ತು!

ಇನ್ನು ಆ ಹುಡುಗ ಕೇಳಿದ ಬ್ರೇಕಿನ ವಿಷಯ. ಈ ಸಲ ನಾನು ಓದಿಕೊಂಡೇ ಹೋಗಿದ್ದೆ. ಕಕ್ಷೆಯಲ್ಲಿ ನೌಕೆಯ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರ್. ಮೊದಲು ಎಂಜಿನನ್ನು ಹೋಗುವ ದಿಕ್ಕಿಗೇ ತಿರುಗಿಸಿ ಉರಿಸುತ್ತಾರೆ. ವೇಗ ಸ್ವಲ್ಪವೇ ತಗ್ಗಿದರೂ ಸಾಕು, ನೌಕೆ ಕೆಳಗಿಳಿಯತೊಡಗುತ್ತದೆ. ಆಮೇಲೆ ದೊಡ್ಡ ಬ್ರೇಕು ಅಂದರೆ ಗಾಳಿ! ನಾವು ಉಸಿರಾಡುವ ಇದೇ ಗಾಳಿ. ನೌಕೆ ನುಗ್ಗುವ ರಭಸಕ್ಕೆ ಮುಂದಿನ ಗಾಳಿ ಒತ್ತಿಕೊಂಡು ಕೆಂಡವಾಗುತ್ತದೆ. ತಳದ ಕವಚದ ಹೊರಪದರ ತಾನೇ ಕರಕಲಾಗಿ, ಸವೆದು ಉದುರುತ್ತಾ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಒಳಗಿನವರು ತಣ್ಣಗಿರುತ್ತಾರೆ. ಕಪ್ಪು ಬಣ್ಣ ಬಂದದ್ದು ಹೀಗೆ.

ನೆಲದಿಂದ ಹತ್ತು ಕಿಲೋಮೀಟರ್ ಮೇಲಿರುವಾಗ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಮುಖ್ಯ ಪ್ಯಾರಾಚೂಟ್ ಹರಡಿದರೆ ಸುಮಾರು ಸಾವಿರ ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು! ಅಷ್ಟಾದರೂ ಸಾಲದು. ನೆಲಕ್ಕೆ ಸುಮಾರು ಒಂದು ಮೀಟರ್ ಇರುವಾಗ ತಳದಲ್ಲಿರುವ ಪುಟ್ಟ ರಾಕೆಟ್‌ಗಳು ಭುಸ್ಸೆಂದು ಉರಿದು ಹೊಡೆತವನ್ನು ತಗ್ಗಿಸುತ್ತವೆ. ಕಜಕಸ್ತಾನದ ಹುಲ್ಲುಬಯಲಿನಲ್ಲಿ ಹೀಗೆ ಧೊಪ್ಪನೆ ಕೂತ ವಾಹನವೇ ನಮ್ಮೆದುರು ಇತ್ತು.

ಪುಟ್ಟಿಯ ಚಿಂತೆಯೇ ಬೇರೆ. "ಇದರಲ್ಲಿ ಬಾತ್‌ರೂಮ್ ಎಲ್ಲಿದೆ?"

ಒಳ್ಳೆಯ ಪ್ರಶ್ನೆ, ನಗಲಿಲ್ಲ. ಸೊಯುಜ್‌ಗೆ ಮೂರು ಭಾಗ. ಶೌಚದ ವ್ಯವಸ್ಥೆ ಇದ್ದದ್ದು ಮುಂದಿನ ದುಂಡು ಕೋಣೆಯಲ್ಲಿ. ಅದೂ ಹಿಂದಿನ ಎಂಜಿನ್ ಭಾಗವೂ ಬೇರ್ಪಟ್ಟು ವಾತಾವರಣದಲ್ಲೇ ಉರಿದುಹೋಗುತ್ತವೆ. ನಡುವಿನ ಈ ಗಂಟೆ ಮಾತ್ರ ಉಳಿಯುತ್ತದೆ.

ಪಕ್ಕದಲ್ಲಿ ಶರ್ಮಾ ಅವರ ಬಾಹ್ಯಾಕಾಶದ ಉಡುಪನ್ನೂ ಇಟ್ಟಿದ್ದರು. ಅದನ್ನು ನೋಡುತ್ತಾ ಪುಟ್ಟಿಗೆ ನಮ್ಮ ಕಡೆಯ ಹೆಚ್ಚುಗಾರಿಕೆಯೊಂದನ್ನು ಹೇಳದೆ ಬಿಡಲಿಲ್ಲ. ಅವರು ಮೇಲೆ ಕೊಂಡೊಯ್ದ ರವೆ ಹಲ್ವ, ತರಕಾರಿ ಪಲಾವ್, ಆಲೂ ಛೋಲೆ ತಯಾರಾದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ. ಜೊತೆಯವರಿಗೂ ಹಂಚಿದರಂತೆ.

"ಹಲ್ವ ಅಂದ್ರೆ ನಮ್ಮ ಕೇಸರಿಬಾತಾ?" ಅಂದಳು. ಹೆಚ್ಚುಕಡಿಮೆ ಅದೇ.

ಹೊರಗೆ ಬಂದು ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂತೆವು. ಆ ಹುಡುಗ ಈಗ ನಮ್ಮೂರಿನಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎದುರು ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಾನೆ. ಫೋನ್ ಹಚ್ಚಿದೆ.

"ನೀನು ಎಂಟನೇ ಕ್ಲಾಸಲ್ಲಿ ಬ್ರೇಕು ಎಲ್ಲಿರುತ್ತೆ ಅಂತ ಕೇಳಿದ್ದೆಯಲ್ಲ, ನಾನು ನಕ್ಕುಬಿಟ್ಟೆ. ತಪ್ಪಾಯ್ತಪ್ಪ. ಅದು ಸರಿಯಾದ ಪ್ರಶ್ನೆ" ಅಂದೆ. ಗಾಳಿ, ಹತ್ತು ಗುಂಟೆ ಪ್ಯಾರಾಚೂಟ್, ಪುಟ್ಟ ರಾಕೆಟ್ ಎಲ್ಲ ಹೇಳಿದೆ. ಆ ಕಡೆ ಮೋಟಾರಿನ ಸದ್ದು ನಿಂತಿತು.

"ನೆನಪಿದೆ ಸಾರ್" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪ್ಯಾರಾಚೂಟ್ ಬಿಚ್ಕೊಳ್ಳದೆ ಹೋದ್ರೆ?" ಅಂತ ಕೇಳಿದ.

"ಇನ್ನೊಂದು ಇಟ್ಟಿರ್ತಾರಪ್ಪ. ಸ್ವಲ್ಪ ಚಿಕ್ಕದು" ಅಂದೆ.