ಐದು ಎದೆಬಡಿತ, ಒಂದು ಸ್ಟಿಕ್

ಬ್ಲೂಟೂತ್ ಡಾಂಗಲ್ ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತದೆ. ನಮಗೆ ಬೇಕಿದ್ದ ಆಂಟ್ ಪ್ಲಸ್ ಸ್ಟಿಕ್ಕನ್ನು ಆನ್‌ಲೈನ್‌ನಲ್ಲಿ ತರಿಸಬೇಕಾಯಿತು. ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ, ಆದರೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಹಳೆಯ ವಿದ್ಯಾರ್ಥಿಯೊಬ್ಬರು ಕಬಡ್ಡಿ ತಂಡಕ್ಕೆ ಕೊಟ್ಟ ಎದೆಪಟ್ಟಿಗಳು ಆಂಟ್ ಪ್ಲಸ್ ಮಾತ್ರ ಬಲ್ಲವು.

ಇಷ್ಟೆಲ್ಲ ಯಾಕೆಂದರೆ, ರಮಝಾನ್‌ನಲ್ಲೂ ಅಭ್ಯಾಸ ಬಿಡುವುದಿಲ್ಲವೆಂದು ನಾವು ಐವರು ಹಟ ಹಿಡಿದಿದ್ದೆವು. ಪಿ.ಟಿ. ಸರ್ ಷರತ್ತಿನ ಮೇಲೆ ಒಪ್ಪಿದರು: ಇಫ್ತಾರ್‌ಗೆ ಮುಂಚಿನ ಅರ್ಧ ಗಂಟೆ, ಹಿಡಿತವಿಲ್ಲದ ಬರೀ ಡ್ರಿಲ್, ಎಲ್ಲರ ಎದೆಬಡಿತವೂ ಲ್ಯಾಪ್‌ಟಾಪಿನಲ್ಲಿ ಕಾಣುತ್ತಿರಬೇಕು. ನಮ್ಮ ಅಮ್ಮಿ ಕೂಡ ಇದನ್ನು ಕೇಳಿದ ಮೇಲೆಯೇ ಹೂಂ ಅಂದದ್ದು.

ಐವರನ್ನು ಒಟ್ಟಿಗೆ ನೋಡಲು ಆಂಟ್ ಪ್ಲಸ್ಸೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಬ್ಲೂಟೂತ್ ಪಟ್ಟಿ ಸಾಮಾನ್ಯವಾಗಿ ಒಂದೆರಡು ಸಾಧನಗಳ ಜೊತೆಗಷ್ಟೇ ಜೋಡಿಯಾಗುತ್ತದೆ. ಆಂಟ್ ಪ್ಲಸ್ ಪಟ್ಟಿ ಸೆಕೆಂಡಿಗೆ ಸುಮಾರು 4 ಸಲ ಬಡಿತವನ್ನು ಸಾರುತ್ತಲೇ ಇರುತ್ತದೆ, ಕೇಳುವವರು ಎಷ್ಟು ಜನರಾದರೂ ಸರಿ. (ಪಕ್ಕದಲ್ಲಿ ಇನ್ನೊಂದು ಸ್ಟಿಕ್ ಇದ್ದವರಿಗೂ ನಮ್ಮ ಗಾಬರಿ ಗೊತ್ತಾಗುತ್ತದೆ!) ನಮ್ಮ ಸ್ಟಿಕ್‌ಗೆ 8 ಚಾನೆಲ್, ತಲೆಗೊಂದು ಸಾಕು. ಮೂರನೆಯ ದಿನ ನಮ್ಮ ರೈಡರ್‌ನ ಅಂಕಿ 185 ದಾಟಿತು. ಮಗ್ರಿಬ್‌ಗೆ ಇನ್ನೂ ಹನ್ನೆರಡು ನಿಮಿಷ. ಸರ್ ಕೈ ತೋರಿಸಿದರು, ಅವನು ಗೊಣಗುತ್ತಲೇ ಕುಳಿತ.

ಕೊಳ್ಳುವವರು ಒಂದು ಎಕ್ಸ್‌ಟೆನ್ಶನ್ ಕೇಬಲ್ ಕೂಡ ತೆಗೆದುಕೊಳ್ಳಿ. ಯುಎಸ್‌ಬಿ 3.0 ಪೋರ್ಟ್‌ನ ಗದ್ದಲ ಇದೇ 2.4 ಗಿಗಾಹರ್ಟ್ಸ್ ಮೇಲೆ ಬೀಳುತ್ತದೆ. ಆಟಗಾರ ಬೆನ್ನು ತಿರುಗಿಸಿದರೆ ಅವನ ಮೈಯೂ ಅಲೆಯನ್ನು ಹೀರುತ್ತದೆ. ನಮ್ಮ ಸ್ಟಿಕ್ ಈಗ ಮ್ಯಾಟ್‌ನ ನಡುಗೆರೆಯ ಪಕ್ಕ, ಕುರ್ಚಿಯ ಬೆನ್ನಿಗೆ ನೇತಾಡುತ್ತಿದೆ.