ದಸರಾ ರಜೆ, ಅಕ್ಕ, ಎರಡು ಮಕ್ಕಳು, ಒಂದು ಫ್ಲೈಟ್ (ಭಾಗ 3)

ನಮ್ ಚಿತ್ರದುರ್ಗದಲ್ಲಿ ಏರ್‌ಪೋರ್ಟ್ ಇಲ್ವಲ್ಲ, ಹಿರಿಯೂರು, ತುಮಕೂರು ದಾಟಿ ದೇವನಹಳ್ಳಿಗೆ ಹೋಗಬೇಕು. 200 ಕಿ.ಮೀ. ಹತ್ತಿರ. ಅಷ್ಟರಲ್ಲೇ ಐದು ವರ್ಷದ ದೊಡ್ಡವಳಿಗೆ ಎರಡು ಸಲ ವಾಂತಿ. ಚಿಕ್ಕವನಿಗಿನ್ನೂ ಎರಡು ತುಂಬಿಲ್ಲ. ದೆಹಲಿ ತನಕ ಅಕ್ಕನ ತೊಡೆಯೇ ಸೀಟು.

ಫ್ಲೈಟ್ ಇಳಿಯೋವಾಗ ಅವನು ಕಿರುಚಿದ್ದು ಹಠಕ್ಕಲ್ಲ. ಒಳಗಿನ ಗಾಳಿಯ ಒತ್ತಡ ಏರುತ್ತೆ, ಕಿವಿತಮಟೆ ಒಳಕ್ಕೆ ಒತ್ತಿ ನೋಯುತ್ತೆ. ನಾವು ಎಂಜಲು ನುಂಗಿ ಸರಿ ಮಾಡ್ಕೋತೀವಿ, ಮಗುಗೆ ಅದು ಗೊತ್ತಿಲ್ಲ. ಅಕ್ಕ ಹಾಲು ಕುಡಿಸಿದ್ಲು, ನುಂಗ್ತಾ ನುಂಗ್ತಾ ಸುಮ್ಮನಾದ.

ಅಷ್ಟರೊಳಗೆ ಎಷ್ಟೋ ಜನ ತಿರುಗಿ ದುರುಗುಟ್ಟಿದ್ರು. ಅಕ್ಕ ತಲೆ ಎತ್ತಲೇ ಇಲ್ಲ. ಪಕ್ಕದ ಸಾಲಿನ ಅಜ್ಜಿಯೊಬ್ರು ಮಾತ್ರ ಇಳಿದ ಮೇಲೆ ಏನೂ ಕೇಳದೆ ಅವಳ ಬ್ಯಾಗ್ ಎತ್ಕೊಂಡ್ರು.

ಫ್ರೆಂಡ್ಸ್, ಫ್ಲೈಟಲ್ಲಿ ಮಗು ಅತ್ರೆ ತಿರುಗಿ ನೋಡ್ಬೇಡಿ. ಆಗೋದಾದ್ರೆ ಅದರ ಅಮ್ಮನ ಬ್ಯಾಗ್ ಎತ್ಕೊಳ್ಳಿ.

ಭಾಗ 4: ವಾಪಸ್ ಪ್ರಯಾಣ 🙏